ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿಗೆ ಮಗನನ್ನು ತೋರಿಸಬೇಕು. ಊರು ಬಿಟ್ಟು ಬೆಂಗಳೂರಲ್ಲಿ ಮನೆ ಮಾಡಬೇಕಾ?

ಚನ್ನರಾಯಪಟ್ಟಣದ ಅಮ್ಮ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ. ನನ್ನ ಮಗನಿಗೆ ಈಗ ಒಂದು ವರ್ಷ ಹತ್ತು ತಿಂಗಳು. ಏಳೂವರೆ ತಿಂಗಳಿಗೇ ಹುಟ್ಟಿದ. ಆಗ ತೂಕ 1 ಕೆಜಿ 400 ಗ್ರಾಂ. 26 ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು.

ಕತ್ತು ನಿಂತಿದ್ದೇ ಹತ್ತು ತಿಂಗಳಿಗೆ. ಇನ್ನೂ ತಾನಾಗಿ ಕೂರುವುದಿಲ್ಲ. ಎತ್ತಿಕೊಂಡರೆ ಎರಡೂ ಕಾಲು ಕತ್ತರಿ ಹಾಕಿದ ಹಾಗೆ ಒಂದರ ಮೇಲೊಂದು ಬಿಗಿಯುತ್ತವೆ. ಚಡ್ಡಿ ಹಾಕುವುದೇ ದೊಡ್ಡ ಕೆಲಸ. ಬಲಗೈ ಯಾವಾಗಲೂ ಮುಷ್ಟಿ. ಆದರೆ ಎಲ್ಲ ಅರ್ಥ ಆಗುತ್ತೆ ಅವನಿಗೆ. ಅವರಪ್ಪನ ಬೈಕ್ ಸದ್ದು ಬೀದಿ ತುದಿಯಲ್ಲಿ ಕೇಳಿದರೆ ಸಾಕು, ಬಾಗಿಲ ಕಡೆ ತಿರುಗಿ ನಗುತ್ತಾನೆ.

ವರ್ಷ ತುಂಬಿದಾಗ ಒಂದು ಆಸ್ಪತ್ರೆಯಲ್ಲಿ ತೋರಿಸಿದ್ದೆವು. "ತಿಂಗಳು ತುಂಬದ ಮಗು, ನಿಧಾನ ಆಗುತ್ತೆ, ಸುಮ್ನೆ ಹೆದರಬೇಡಿ" ಅಂದು ಕಳಿಸಿದರು. ಹೋದ ತಿಂಗಳು ಬೇರೆ ಡಾಕ್ಟರು ನೋಡಿ ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಬಾರದ ತೊಂದರೆ, ಅಂತ ಬರೆದುಕೊಟ್ಟರು. ಬೆಂಗಳೂರಿನ ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಅಂತ ಇದೆ, ತಡ ಮಾಡದೆ ಹೋಗಿ ಅಂದರು.

ನಮ್ಮ ಯಜಮಾನರಿಗೆ ಸ್ವಲ್ಪ ತೆಂಗಿನ ತೋಟ, ಎರಡು ಹಸು ಇವೆ. ನಾನು ಮಗುವನ್ನು ಕರೆದುಕೊಂಡು ಬೆಂಗಳೂರಲ್ಲಿ ಬಾಡಿಗೆ ಮನೆ ಮಾಡಬೇಕಾ? ಅಲ್ಲಿ ಏನು ಮಾಡುತ್ತಾರೆ? ಅವನು ನಡೆಯುತ್ತಾನಾ? ಇನ್ನೊಂದು ವಿಷಯ. ಸಂಬಂಧಿಕರೊಬ್ಬರು ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಿ, ನಾಲ್ಕು ಲಕ್ಷ ಆಗುತ್ತೆ, ಮಗು ಎದ್ದು ಓಡಾಡುತ್ತೆ ಅನ್ನುತ್ತಿದ್ದಾರೆ. ತೋಟ ಅಡ ಇಡುವ ಮಾತು ಮನೆಯಲ್ಲಿ ನಡೆದಿದೆ. ಗೊತ್ತಿರುವವರು ದಯವಿಟ್ಟು ಹೇಳಿ.

ತುಮಕೂರಿನ ಅಪ್ಪ

ಮೇಡಂ, ನನ್ನ ಮಗಳಿಗೂ ಸೆರೆಬ್ರಲ್ ಪಾಲ್ಸಿ, ಈಗ ಆರು ವರ್ಷ. ಬೆಂಗಳೂರಿಗೆ ಹೋಗುವ ದಿನದವರೆಗೆ ಕಾಯಬೇಡಿ. ಹಾಸನದ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಎಲ್ಲಿ ಅಂತ ಕೇಳಿ, ಮಕ್ಕಳ ಬೆಳವಣಿಗೆ ತೊಂದರೆಯನ್ನು ಬೇಗ ಗುರುತಿಸಿ ಥೆರಪಿ ಕೊಡುವ ಜಿಲ್ಲಾ ಕೇಂದ್ರ ಅದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಲ್ಲಿ ಶುರುವಾಯಿತು, ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ. ಅದರಡಿ ಜಿಲ್ಲೆಗಳಲ್ಲಿ ಇಂಥ ಕೇಂದ್ರ ಮಾಡಿದ್ದಾರೆ. ದುಡ್ಡು ತಗೊಳ್ಳುವುದಿಲ್ಲ.

ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಈಗಲೇ ಅರ್ಜಿ ಹಾಕಿ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಇರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರೇ ಅರ್ಜಿ ತುಂಬಿಸಿಕೊಡುತ್ತಾರೆ. ಕಾರ್ಡ್ ಬಂದ ಮೇಲೆ ನಿರಾಮಯ ವಿಮೆ ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನದ್ದು, ವರ್ಷಕ್ಕೆ ಒಂದು ಲಕ್ಷದವರೆಗೆ ಸಿಗುತ್ತೆ, ಥೆರಪಿಗೂ ಬರುತ್ತೆ. ಮೊದಲೇ ಕಾಯಿಲೆ ಇದೆ ಅಂತ ಬೇಡ ಅನ್ನುವುದಿಲ್ಲ. ಒಂದೊಂದು ಬಿಲ್ಲನ್ನೂ ಫೈಲಿನಲ್ಲಿ ಇಟ್ಟುಕೊಳ್ಳಿ. ನಾನು ಮೊದಲ ವರ್ಷದ್ದು ಕಳೆದುಕೊಂಡೆ.

ರಾಮನಗರದವಳು

ನೋಡಮ್ಮ, ನಿಮ್ಮ ಬರಹ ಓದಿ ರಾತ್ರಿ ನಿದ್ದೆ ಬರಲಿಲ್ಲ. ಕತ್ತರಿ ಹಾಕಿದ ಕಾಲು, ಮುಷ್ಟಿ ಕೈ, ನಗು, ಎಲ್ಲ ನನ್ನ ಮಗನೇ. ಅವನಿಗೀಗ 33 ವರ್ಷ. ಸ್ಪಾಸ್ಟಿಕ್ಸ್ ಸೊಸೈಟಿ ಮೆಟ್ಟಿಲು ಹತ್ತಿದಾಗ ಅವನಿಗೆ ಎರಡೂವರೆ. ಉದ್ದ ಆದರೂ ಪರವಾಗಿಲ್ಲ, ಎಲ್ಲ ಹೇಳುತ್ತೇನೆ.

ಮೊದಲು ನೀವು ಕೇಳಿದ್ದಕ್ಕೆ ಉತ್ತರ. ಮನೆ ಖಾಲಿ ಮಾಡಬೇಡಿ. ಈಗಲೇ ಬೇಡ. ಒಂದು ಸಲ ಬನ್ನಿ, ಮಗುವನ್ನು ಪೂರ್ತಿ ನೋಡಲಿ. ಮನೆಯಲ್ಲಿ ಏನು ಮಾಡಬೇಕು ಅಂತ ಹೇಳಿಕೊಡಿ ಎಂದು ಬಾಯಿ ಬಿಟ್ಟು ಕೇಳಿ. ಕಲಿತುಕೊಂಡು ಊರಿಗೆ ಹೋಗಿ ಮಾಡಿ. ಮತ್ತೆ ಯಾವಾಗ ಬರಬೇಕು ಅಂತ ಅವರು ಹೇಳುತ್ತಾರೆ, ಆಗ ಬನ್ನಿ. ತೋಟ, ಹಸು, ಅವರಪ್ಪನ ಬೈಕ್ ಸದ್ದು, ಇವೆಲ್ಲ ಆ ಮಗುವಿಗೆ ಬೇಕು. ಬಾಡಿಗೆ ಕೋಣೆಯಲ್ಲಿ ನೀವಿಬ್ಬರೇ ಕೂತರೆ ಅವನಿಗೂ ಒಳ್ಳೆಯದಲ್ಲ, ನಿಮಗೂ ಅಲ್ಲ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನಮ್ಮನೆಯವರದು ರೇಷ್ಮೆ ನೂಲು ಬಿಚ್ಚುವ ಕೆಲಸ. ನಾನು ವಾರಕ್ಕೆ ಎರಡು ದಿನ ರಾಮನಗರದಿಂದ ಪ್ಯಾಸೆಂಜರ್ ರೈಲು ಹತ್ತಿ, ಸಿಟಿ ಸ್ಟೇಷನ್ನಿನಲ್ಲಿ ಇಳಿದು, ಇಂದಿರಾನಗರಕ್ಕೆ ಬಸ್ ಹಿಡಿಯುತ್ತಿದ್ದೆ. ಮಗ ಸೊಂಟದ ಮೇಲೆ, ಚೀಲ ಹೆಗಲ ಮೇಲೆ. ಬಿಗಿ ಇರುವ ಮಗು ಸೊಂಟದ ಮೇಲೆ ಕೂರುವುದಿಲ್ಲ, ಹಲಗೆಯ ಹಾಗೆ ನೆಟ್ಟಗಾಗಿ ಜಾರುತ್ತೆ. ಅಲ್ಲಿ ಹೋಗುವಷ್ಟರಲ್ಲಿ ನನ್ನ ಕೈ ಸೋತುಹೋಗಿರುತ್ತಿತ್ತು. ಮಗುವನ್ನು ಥೆರಪಿಯವರ ಕೈಗೆ ಕೊಟ್ಟು ಹೊರಗೆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದೆ. ಅವರ ಕೆಲಸ ಅವರು ಮಾಡುತ್ತಾರೆ ಅಂದುಕೊಂಡಿದ್ದೆ. ಆಸ್ಪತ್ರೆ ಅಂದರೆ ಹಾಗೇ ಅಲ್ವಾ?

ನಾಲ್ಕೈದು ಸಲ ಹೀಗೇ ಆಯಿತು. ಒಂದು ದಿನ ಥೆರಪಿ ಮಾಡುತ್ತಿದ್ದ ಮೇಡಂ ಬಾಗಿಲಿಗೆ ಬಂದು "ಅಮ್ಮ, ಒಳಗೆ ಬನ್ನಿ. ಇವನು ನನ್ನ ಹತ್ತಿರ ಇರೋದು ಒಂದು ಗಂಟೆ. ಉಳಿದ ಹೊತ್ತೆಲ್ಲ ನಿಮ್ಮ ಕೈಯಲ್ಲೇ ಇರ್ತಾನೆ" ಅಂದರು. ಆವತ್ತಿನಿಂದ ನಾನು ಬೆಂಚಿನ ಮೇಲೆ ಕೂರಲಿಲ್ಲ. ಹೇಗೆ ಎತ್ತಬೇಕು, ಹೇಗೆ ಮಲಗಿಸಬೇಕು, ಬಟ್ಟೆ ಹಾಕುವ ಮುಂಚೆ ಮಂಡಿ ಮಡಿಸಿ ಹೇಗೆ ಕಾಲಿನ ಬಿಗಿ ಬಿಡಿಸಬೇಕು, ಎಲ್ಲ ನನ್ನ ಕೈ ಹಿಡಿದು ಮಾಡಿಸಿದರು. ಎತ್ತಿಕೊಳ್ಳುವಾಗ ಕಾಲು ಎರಡನ್ನೂ ಬಿಡಿಸಿ, ಮಂಡಿ ಮಡಿಸಿ, ನನ್ನ ಸೊಂಟದ ಎರಡೂ ಕಡೆ ಬರುವ ಹಾಗೆ ಹಿಡಿಯುವುದು. ಇಷ್ಟೇ. ಆಮೇಲೆ ಅವನು ಜಾರಲಿಲ್ಲ. ಎರಡೂವರೆ ವರ್ಷ ನಾನು ತಪ್ಪಾಗಿ ಎತ್ತಿದ್ದೆ, ಯಾರೂ ಹೇಳಿಕೊಟ್ಟಿರಲಿಲ್ಲ.

ಅದಾದ ಮೇಲೆ ಮೂಲೆ ಕುರ್ಚಿ. ಇದನ್ನು ಬಿಡಿಸಿ ಹೇಳಲೇಬೇಕು. ಕೂರದ ಮಗು ದಿನವಿಡೀ ಚಾಪೆ ಮೇಲೆ ಮಲಗಿ ಸೂರು ನೋಡುತ್ತಿರುತ್ತೆ. ನನ್ನ ಮಗನೂ ಹಾಗೇ ಇದ್ದ. ಗೋಡೆಯ ಮೂಲೆಯ ಹಾಗೆ ಎರಡು ಹಲಗೆ ಸೇರಿಸಿ ಬೆನ್ನಿಗೆ ಕೊಡುತ್ತಾರೆ. ಆ ಮೂಲೆಯಲ್ಲಿ ಮಗು ಕೂತರೆ ಹಿಂದಕ್ಕೆ ಎಳೆದುಕೊಂಡಿರುವ ಭುಜ ತಾನಾಗಿ ಮುಂದೆ ಬರುತ್ತೆ. ಭುಜ ಮುಂದೆ ಬಂದರೆ ಕೈ ಎರಡೂ ಎದುರಿಗೆ ಬರುತ್ತವೆ. ಕಾಲ ನಡುವೆ ಒಂದು ಗೂಟ, ಕತ್ತರಿ ಬೀಳದ ಹಾಗೆ. ಮುಂದೆ ಒಂದು ಮಣೆ. ಮೇಡಂ ಟೇಪು ಹಿಡಿದು ಅವನ ಸೊಂಟದಿಂದ ಮಂಡಿಗೆ ಎಷ್ಟು, ಮಂಡಿಯಿಂದ ಪಾದಕ್ಕೆ ಎಷ್ಟು ಅಂತ ಅಳೆದು ಚೀಟಿಯಲ್ಲಿ ಚಿತ್ರ ಬರೆದುಕೊಟ್ಟರು. ನಮ್ಮೂರ ಬಡಗಿ ಹಳೇ ಹಲಗೆಯಲ್ಲೇ ಮಾಡಿಕೊಟ್ಟರು. ಕೂಲಿ ಬೇಡ ಅಂದರು, ನಾವು ಬಿಡಲಿಲ್ಲ.

ಆ ಕುರ್ಚಿಯನ್ನು ನೂಲು ಬಿಚ್ಚುವ ಕೊಟ್ಟಿಗೆಯಲ್ಲೇ ಒಂದು ಕಡೆ ಇಟ್ಟು ಅವನನ್ನು ಕೂರಿಸಿದೆ. ಮಣೆಯ ಮೇಲೆ ಆಡಲಿ ಅಂತ ನಾಲ್ಕು ರೇಷ್ಮೆ ಗೂಡು ಹಾಕಿದೆ. ತುಂಬ ಹೊತ್ತು ಸುಮ್ಮನೆ ನೋಡಿದ. ಎಡಗೈ ಮೆಲ್ಲಗೆ ಒಂದು ಗೂಡನ್ನು ತಳ್ಳಿತು. ಅದು ಉರುಳಿ ಬಲಗೈ ಹತ್ತಿರ ಹೋಯಿತು. ಆ ಮುಷ್ಟಿ ತೆರೆಯುವುದಕ್ಕೆ ಎಷ್ಟು ಹೊತ್ತು ಆಯಿತೋ. ಕೊನೆಗೆ ಎರಡೂ ಕೈ ಸೇರಿಸಿ ಗೂಡನ್ನು ಹಿಡಿದ. ಹುಟ್ಟಿದ ಮೇಲೆ ಅವನ ಎರಡು ಕೈ ಒಂದನ್ನೊಂದು ಮುಟ್ಟಿದ್ದು ನಾನು ನೋಡಿದ್ದು ಅದೇ ಮೊದಲು. ನಮ್ಮನೆಯವರು ಬಿಸಿನೀರಿನ ತೊಟ್ಟಿ ಬಿಟ್ಟು ಎದ್ದು ಬಂದರು. ಎಳೆ ತುಂಡಾಗಿದ್ದೂ ಅವರಿಗೆ ಗೊತ್ತಾಗಲಿಲ್ಲ.

ಈ ಸಂಸ್ಥೆ ಹೇಗೆ ಬಂತು ಅಂತಲೂ ಕೇಳಿ. ಮುಂಬೈಯಲ್ಲಿ ಮಿಥು ಅಲೂರ್ ಅನ್ನುವವರ ಮಗಳಿಗೆ ಸೆರೆಬ್ರಲ್ ಪಾಲ್ಸಿ ಇತ್ತು. ಆ ಹುಡುಗಿಗೆ ತಕ್ಕ ಶಾಲೆ ಈ ದೇಶದಲ್ಲಿ ಇರಲಿಲ್ಲ. ಆ ತಾಯಿ 1972ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಶುರು ಮಾಡಿದರು. ಆಮೇಲೆ ಕೋಲ್ಕತ್ತಾ, ದೆಹಲಿ, ಮದ್ರಾಸಿನಲ್ಲೂ ಇಂಥವು ಆದವು. ನಮ್ಮ ಬೆಂಗಳೂರಿನದು 1982ರದ್ದು. 40 ವರ್ಷ ದಾಟಿದೆ. ಸ್ಪಾಸ್ಟಿಕ್ ಅಂದರೆ ಸ್ನಾಯು ಬಿಗಿಯಾಗಿರುವುದು, ಹಾಗಾಗಿ ಆ ಹೆಸರು. ಆದರೆ ಈಗ ಆಟಿಸಂ ಇರುವ ಮಕ್ಕಳು, ಬುದ್ಧಿ ಬೆಳವಣಿಗೆ ನಿಧಾನ ಇರುವವರು, ಕಲಿಕೆಯ ತೊಂದರೆ ಇರುವವರು ಎಲ್ಲರೂ ಬರುತ್ತಾರೆ. ವಿಶೇಷ ಶಿಕ್ಷಕರ ತರಬೇತಿಯೂ ಅಲ್ಲೇ ನಡೆಯುತ್ತೆ.

ನನಗೆ ಆ ಜಾಗದಲ್ಲಿ ಧೈರ್ಯ ಬಂದಿದ್ದು ಬೇರೆ ತಾಯಂದಿರಿಂದ. ಊರಲ್ಲಿ ಇಂಥ ಮಗು ನನಗೊಬ್ಬಳಿಗೇ ಅಂದುಕೊಂಡಿದ್ದೆ. ಅಲ್ಲಿ ಹೋದರೆ ಸಾಲಾಗಿ ಕೂತಿದ್ದರು. ಕೋಲಾರದವರು, ಹೊಸೂರಿನವರು, ಕಾರಲ್ಲಿ ಬಂದವರು, ಬಸ್ಸಲ್ಲಿ ಬಂದವರು. ಊಟದ ಡಬ್ಬಿ ಬಿಚ್ಚಿ ಹಂಚಿಕೊಂಡು ತಿನ್ನುತ್ತಿದ್ದೆವು. "ಯಾವ ಪಾಪಕ್ಕೆ ಹೀಗಾಯ್ತು" ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ.

ಈಗ ಕಷ್ಟದ ಪ್ರಶ್ನೆ. ನಡೆಯುತ್ತಾನಾ ಅಂತ ಕೇಳಿದಿರಿ. ನನ್ನ ಮಗ ನಡೆಯಲಿಲ್ಲ. ಗಾಲಿಕುರ್ಚಿಯಲ್ಲಿ ಇದ್ದಾನೆ. ಮಾತು ನಿಧಾನ, ಹೊಸಬರಿಗೆ ಅರ್ಥ ಆಗುವುದಕ್ಕೆ ಹೊತ್ತು ಬೇಕು. ಇನ್ನೊಬ್ಬರಿಂದ ಬರೆಸಿ ಹತ್ತನೇ ತರಗತಿ ಪಾಸಾದ. ಅವನ ಮಾವನ ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ಬಿಲ್ ಹಾಕುತ್ತಾನೆ, ಎಡಗೈಯ ಒಂದು ಬೆರಳಲ್ಲಿ. ತಿಂಗಳ ಕೊನೆಗೆ ಲೆಕ್ಕ ತಪ್ಪಿದ್ದು ಅಂತ ಇಲ್ಲ. ಅವನ ಜೊತೆ ಬರುತ್ತಿದ್ದ ಮಕ್ಕಳಲ್ಲಿ ಕೆಲವರು ನಡೆದರು. ಮೊದಲ ಮೂರು ವರ್ಷ ನಾನು ಅವನ ಕಾಲನ್ನು ಮಾತ್ರ ನೋಡುತ್ತಿದ್ದೆ. ಅವನು ಕೂರಬೇಕು, ಕೈ ಬಳಸಬೇಕು, ಬೇಕು ಬೇಡ ಹೇಳಬೇಕು, ಇದರ ಕಡೆಗೆ ಅಷ್ಟು ಗಮನ ಕೊಡಲಿಲ್ಲ. ಆ ಮೂರು ವರ್ಷ ಹಾಗೆ ಹೋಗಿದ್ದಕ್ಕೆ ಇವತ್ತಿಗೂ ಸಂಕಟ ಆಗುತ್ತೆ. ಅದಕ್ಕೇ ನಿಮಗೆ ಇಷ್ಟು ಬರೆಯುತ್ತಿದ್ದೇನೆ.

ದಾರಿ ಈಗ ಸುಲಭ ಆಗಿದೆ. 2017ರಿಂದ ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ಮೇಲೆ ರೈಲು ಬರುತ್ತೆ. ಬಸ್ಸಾದರೆ ಮೆಜೆಸ್ಟಿಕ್ಕಿನಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೋ ಹಿಡಿಯಿರಿ. ಇಂದಿರಾನಗರಕ್ಕೆ ಸೀದಾ, ಎಲ್ಲೂ ಬದಲಾಯಿಸಬೇಕಾಗಿಲ್ಲ. ಅಲ್ಲಿಂದ ಆಟೋ. ಮೊದಲೇ ಫೋನ್ ಮಾಡಿ ದಿನ ತಗೊಂಡು ಬನ್ನಿ. ಶುಲ್ಕ ಎಷ್ಟು ಅಂತ ಆ ಫೋನಿನಲ್ಲೇ ಕೇಳಿ, ಮನೆ ಪರಿಸ್ಥಿತಿ ಸಂಕೋಚ ಇಲ್ಲದೆ ಹೇಳಿ. ಗಾಜಿನ ಪೆಟ್ಟಿಗೆಯಲ್ಲಿ ಇದ್ದಾಗಿನ ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ಇದ್ದರೆ ಸ್ಕ್ಯಾನ್, ಎಲ್ಲ ತನ್ನಿ.

ಅಡ ಇಡುವ ಮಾತು ಬೇಡಮ್ಮ. ತೋಟ ಉಳಿಸಿಕೊಳ್ಳಿ. ಆ ಇಂಜೆಕ್ಷನ್ ವಿಷಯ ತಿಳಿದವರು ಹೇಳಲಿ.

ಮೈಸೂರಿನ ಫಿಸಿಯೊ

ರಾಮನಗರದ ಅಕ್ಕ ಹೇಳಿದ್ದರಲ್ಲಿ ತಿದ್ದುವುದು ಏನೂ ಇಲ್ಲ. ನಾನು ಮೂರು ವಿಷಯ ಮಾತ್ರ ಸೇರಿಸುತ್ತೇನೆ.

ಸ್ಟೆಮ್ ಸೆಲ್ ಬೇಡ. ಸೆರೆಬ್ರಲ್ ಪಾಲ್ಸಿಗೆ ಅದು ಒಪ್ಪಿಗೆ ಪಡೆದ ಚಿಕಿತ್ಸೆ ಅಲ್ಲ. ಸ್ಟೆಮ್ ಸೆಲ್ ಬಗ್ಗೆ 2017ರ ರಾಷ್ಟ್ರೀಯ ಮಾರ್ಗಸೂಚಿಯನ್ನು ಐಸಿಎಂಆರ್, ಅಂದರೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, ತಂದಿದೆ. ಅದರ ಪ್ರಕಾರ ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳಿಗೆ ಬಿಟ್ಟರೆ ಬೇರೆಯದಕ್ಕೆಲ್ಲ ಅದು ಇನ್ನೂ ಸಂಶೋಧನೆ. ಸಂಶೋಧನೆ ಅಂದಮೇಲೆ ರೋಗಿಯಿಂದ ದುಡ್ಡು ತಗೊಳ್ಳುವ ಹಾಗಿಲ್ಲ. ನಾಲ್ಕು ಲಕ್ಷ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ನಡಿಗೆಯ ವಿಷಯ. ಮಗು ಸುಮಾರು ಎರಡು ತಿಂಗಳು ಮುಂಚೆ ಹುಟ್ಟಿದೆ, ವಯಸ್ಸು ಎಣಿಸುವಾಗ ಅದನ್ನು ಕಳೆಯಬೇಕು. ಅಂದರೆ ಒಂದು ವರ್ಷ ಎಂಟು ತಿಂಗಳ ಮಗು ಅಂತ ನೋಡಿ. ಎರಡು ವರ್ಷದ ಹೊತ್ತಿಗೆ ಯಾರ ಆಸರೆಯೂ ಇಲ್ಲದೆ ಕೂತ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ನಡೆಯುತ್ತಾರೆ, ಕೆಲವರು ವಾಕರ್ ಅಥವಾ ಕೋಲು ಹಿಡಿದು. ತಡವಾಗಿ ಕೂತವರಲ್ಲೂ ನಡೆದವರನ್ನು ನೋಡಿದ್ದೇನೆ. ಮಗುವನ್ನು ಕಣ್ಣಾರೆ ನೋಡದೆ ಯಾರೂ ನಿಮಗೆ ಹೌದು, ಇಲ್ಲ ಅನ್ನಬಾರದು. ಹಾಗಾಗಿ ಈಗ ಕೂರಿಸುವ ಕೆಲಸಕ್ಕೆ ಕೈ ಹಾಕಿ.

ಕೊನೆಯದು ಮನೆಯ ಅಭ್ಯಾಸಗಳು. ಎಣ್ಣೆ ಹಚ್ಚುವುದಕ್ಕೆ ಅಡ್ಡಿ ಇಲ್ಲ, ಆದರೆ ಬಿಗಿ ಕಾಲನ್ನು ಜೋರಾಗಿ ಎಳೆಯಬೇಡಿ. ಎಳೆದಷ್ಟೂ ಬಿಗಿ ಜಾಸ್ತಿ ಆಗುತ್ತೆ. ಅಂಗಡಿಯಲ್ಲಿ ಸಿಗುವ ಚಕ್ರದ ವಾಕರ್‌ನಲ್ಲಿ ನಿಲ್ಲಿಸಬೇಡಿ, ಮಗು ತುದಿಗಾಲಲ್ಲಿ ತಳ್ಳುವುದನ್ನು ಕಲಿತುಬಿಡುತ್ತೆ. ಹೋದಾಗ ಸೊಂಟದ ಕೀಲಿನ ಎಕ್ಸ್‌ರೇ ಬೇಕಾ ಅಂತ ಕೇಳಿ. ಕತ್ತರಿ ಕಾಲಿನ ಮಕ್ಕಳಲ್ಲಿ ತೊಡೆಮೂಳೆ ಕೀಲಿನಿಂದ ನಿಧಾನವಾಗಿ ಜಾರುವುದುಂಟು. ಮೊದಮೊದಲು ನೋವು ಇರುವುದಿಲ್ಲ, ಅದಕ್ಕೇ ಗೊತ್ತಾಗುವುದಿಲ್ಲ.

ಚನ್ನರಾಯಪಟ್ಟಣದ ಅಮ್ಮ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಅಕ್ಕ, ನೀವು ಬರೆದಿದ್ದನ್ನು ನಮ್ಮ ಯಜಮಾನರಿಗೆ ಓದಿ ಹೇಳಿದೆ. ಗೂಡಿನ ವಿಷಯ ಬಂದಾಗ ಎದ್ದು ಹೊರಗೆ ಹೋದರು. ಆಮೇಲೆ ಬಂದು ತೋಟ ಅಡ ಇಡುವುದು ಬೇಡ, ಫೋನ್ ಮಾಡು ಅಂದರು. ಮಾಡಿದೆ. ಮುಂದಿನ ವಾರ ಬರುತ್ತಿದ್ದೇವೆ.

ಇನ್ನೊಂದು ಕೇಳಬೇಕಿತ್ತು. ಊಟ ಮಾಡಿಸುವುದಕ್ಕೆ ಒಂದು ಗಂಟೆ ಬೇಕು. ನಮ್ಮತ್ತೆ ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ರಾಗಿ ಸರಿ ಹಾಕುತ್ತಾರೆ. ಪ್ರತಿ ಸಲ ಕೆಮ್ಮುತ್ತಾನೆ, ಕಣ್ಣಲ್ಲಿ ನೀರು ಬರುತ್ತೆ. ಈ ವರ್ಷ ಎರಡು ಸಲ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಿದ್ದೆವು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ರಾಮನಗರದವಳು

ಇದೆಯಮ್ಮ, ಇರಬಹುದು. ಇದನ್ನು ಮೊದಲೇ ಬರೆಯಬೇಕಿತ್ತು ನಾನು. ಮಲಗಿಸಿ ಹಾಕಿದರೆ ರಾಗಿ ಸರಿ ಹೊಟ್ಟೆಗೆ ಹೋಗುವ ಬದಲು ಉಸಿರಿನ ದಾರಿಗೆ ಇಳಿಯಬಹುದು. ಎರಡು ಸಲ ಕಫ ಕಟ್ಟಿದ್ದನ್ನು ಅಲ್ಲಿ ಮರೆಯದೆ ಹೇಳಿ, ನಿಮ್ಮ ಡಾಕ್ಟರಿಗೂ ಹೇಳಿ.

ಅಲ್ಲಿಗೆ ಹೋಗುವವರೆಗೆ ಇಷ್ಟು ಮಾಡಿ. ಒಳಲೆ ಬಿಡಿ. ಮಗುವನ್ನು ನಿಮ್ಮ ಮಡಿಲಲ್ಲಿ ನೆಟ್ಟಗೆ ಕೂರಿಸಿ, ಸೊಂಟ ಮಂಡಿ ಎರಡೂ ಮಡಚಿರಲಿ. ತಲೆ ಹಿಂದಕ್ಕೆ ವಾಲದ ಹಾಗೆ ನಿಮ್ಮ ತೋಳು ಕೊಡಿ, ಗದ್ದ ಸ್ವಲ್ಪ ಕೆಳಗೆ ಇರಲಿ. ಸರಿ ನೀರಾಗಿ ಬೇಡ, ಚಮಚದಿಂದ ಜಾರದಷ್ಟು ಗಟ್ಟಿ ಇರಲಿ. ಚಪ್ಪಟೆ ಚಮಚ ತಗೊಳ್ಳಿ, ಅರ್ಧ ಮಾತ್ರ ತುಂಬಿ. ಮೇಲಿಂದ ತರಬೇಡಿ, ಮಗು ಕತ್ತು ಎತ್ತುತ್ತೆ. ಎದುರಿಂದ ತನ್ನಿ. ನಾಲಿಗೆಯ ನಡುವೆ ಇಟ್ಟು ಮೆಲ್ಲಗೆ ಒತ್ತಿ, ತುಟಿ ಮುಚ್ಚುವವರೆಗೆ ತಡೆಯಿರಿ, ಆಮೇಲೆ ಸೀದಾ ಹೊರಗೆ ಎಳೆಯಿರಿ. ಮೇಲಿನ ಹಲ್ಲಿಗೆ ಒರೆಸಬೇಡಿ. ನುಂಗಿದ್ದು ಕಂಡ ಮೇಲೆ ಇನ್ನೊಂದು. ಕೆಮ್ಮು ಬಂದರೆ ನಿಲ್ಲಿಸಿ. ತುಂಬ ಕೆಮ್ಮಿದರೆ, ಉಸಿರು ಗೊರಗೊರ ಅಂದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಇಂದಿರಾನಗರದ ದಿನಕ್ಕೆ ಕಾಯಬೇಡಿ.

ಅತ್ತೆಯವರಿಗೆ ನೀವಾಗಿ ಹೇಳಿದರೆ ಮನಸ್ಸಿಗೆ ಬೇಜಾರಾಗಬಹುದು. ಅವರು ಎಷ್ಟು ಮಕ್ಕಳನ್ನು ಒಳಲೆಯಲ್ಲೇ ಸಾಕಿದ್ದಾರೋ. ಅವರನ್ನೂ ಜೊತೆಗೆ ಕರೆದುಕೊಂಡು ಬನ್ನಿ. ನನ್ನ ಅತ್ತೆ ಒಂದೇ ಸಲ ಬಂದಿದ್ದು, ಮೇಡಂ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದರು. ಊರಿಗೆ ಬಂದ ಮೇಲೆ ನನಗಿಂತ ಚೆನ್ನಾಗಿ ಊಟ ಮಾಡಿಸುತ್ತಿದ್ದರು.

ಬರುವ ದಿನ ಮಗುವಿಗೆ ಹೊಟ್ಟೆ ತುಂಬಿಸಿ ತರಬೇಡಿ. ಒಂದು ಡಬ್ಬಿಯಲ್ಲಿ ಮನೆಯ ಸರಿ ತನ್ನಿ. ದಿನಾ ತಿನ್ನಿಸುವ ಚಮಚ, ಬಟ್ಟಲು, ಆ ಒಳಲೆಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ಮನೆಯಲ್ಲಿ ಹೇಗೆ ತಿನ್ನಿಸುತ್ತೀರೋ ಹಾಗೇ ಅಲ್ಲಿ ಮಾಡಿ ತೋರಿಸಿ.